ಹಳದಿ ಗೆರೆಯ ಈಚೆ

ಹದಡಿ ರಸ್ತೆ, ದಾವಣಗೆರೆ
9 ಫೆಬ್ರವರಿ 2025, ಭಾನುವಾರ

ಚಾಂದ್ ಪಾಷಾ ಮೇಷ್ಟ್ರಿಗೆ ವರ್ಕ್‌ಶಾಪಿನ ಬಸವಣ್ಣೆಮ್ಮನ ನಮಸ್ಕಾರ.

ಫೋನು ಮಾಡಿದರೆ ನಿಮಗೆ ಈಗ ಏನೂ ಕೇಳಿಸುವುದಿಲ್ಲ, ಏನಿದ್ದರೂ ಕಾಗದ ಬರಿ ಎಂದು ನಿಮ್ಮ ಮನೆಯವರು ಸುಗ್ರಾಬಿ ಅಕ್ಕ ಹೇಳಿದರು. ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಪಿ.ಜೆ. ಬಡಾವಣೆಯ ಕಿವಿ ಡಾಕ್ಟರ ಹತ್ತಿರ ಮತ್ತೆ ಯಾವಾಗ ಬರುತ್ತೀರಿ?

ಕಾಲೇಜಿನಲ್ಲಿ ನಿಮ್ಮ ವರ್ಕ್‌ಶಾಪ್ ಚೆನ್ನಾಗಿದೆ. ಕಬ್ಬಿಣ ಕಡೆಯುವ ಆರೂ ಲೇತುಗಳನ್ನು ಮಕ್ಕಳಿಂದ ದಿನಾ ಒರೆಸಿಸುತ್ತೇನೆ. ಒರೆಸುತ್ತೇನೆ ಅಲ್ಲ, ಒರೆಸಿಸುತ್ತೇನೆ. ನನ್ನ ವಿಷಯ ನಿಮಗೆ ಗೊತ್ತಲ್ಲ. ಯಂತ್ರಗಳ ಸುತ್ತ ನೆಲಕ್ಕೆ ಬಳಿದಿರುವ ಹಳದಿ ಗೆರೆ ಹತ್ತಿರ ಬಂದರೆ ಈಗಲೂ ನನ್ನ ಪಾದ ತಣ್ಣಗಾಗಿ ನಿಂತುಬಿಡುತ್ತವೆ. ಉದ್ದ ಪೊರಕೆ ಚಾಚಿ ಕಬ್ಬಿಣದ ಚೂರನ್ನು ಈಚೆಗೆ ಎಳೆದುಕೊಳ್ಳುತ್ತೇನೆ.

ಬರೆಯಬೇಕಾದದ್ದು ಬೇರೆ ಇದೆ. ನಿಮ್ಮ ಜಾಗಕ್ಕೆ ಬಂದಿರುವ ಅಂಜನ್ ಕುಮಾರ್ ಸರ್ ಇದ್ದಾರಲ್ಲ, ಓದಿದ್ದು ಬಹಳ, ಆದರೆ ಲೇತು ಚಾಲೂ ಮಾಡಬೇಕಾದರೆ ಕೈ ಒರೆಸಿಕೊಳ್ಳುತ್ತಲೇ ಇರುತ್ತಾರೆ. ಒಳ್ಳೆಯ ಹುಡುಗ. ಮುಂದಿನ ವಾರ ಕಾಲೇಜು ನೋಡಲು ಕಮಿಟಿಯವರು ಬರುತ್ತಾರಂತೆ. ಎರಡನೇ ವರ್ಷದ ನಲವತ್ತೊಂದು ಮಕ್ಕಳೂ ಒಂದೊಂದು ಫಾರಂ ತುಂಬಿರಬೇಕಂತೆ. ‘ಈ ಕೆಲಸ ನನ್ನಿಂದ ಆಗುತ್ತದೆ ಎಂದು ನನಗೆ ನಂಬಿಕೆಯಿದೆ’ ಅನ್ನುವ ಥರದ ಇಪ್ಪತ್ತು ಮಾತು, ಪ್ರತಿಯೊಂದರ ಮುಂದೆ ಒಂದರಿಂದ ಐದು. ಒಂದು ಅಂದರೆ ಸುತರಾಂ ಆಗುವುದಿಲ್ಲ, ಐದು ಅಂದರೆ ಪೂರಾ ಆಗುತ್ತದೆ. ಮೇಷ್ಟ್ರುಗಳಿಗೂ ಬೇರೆ ಫಾರಂ ಇದೆ.

ನಿನ್ನೆ ಶನಿವಾರ ಮಕ್ಕಳಿಗೆ ರಜೆ. ಸರ್ ಕಟ್ಟು ತಂದು ನನ್ನ ಮುಂದೆ ಇಟ್ಟರು.

“ಬಸಕ್ಕ, ಸ್ವಲ್ಪ ಗುರುತು ಹಾಕಿ ಕೊಡ್ರಿ. ಎಲ್ಲಾ ಐದು ಹಾಕಬ್ಯಾಡ್ರಿ, ಅನುಮಾನ ಬರ್ತೈತೆ. ಒಂದಿಬ್ಬರದು ಕಡಿಮೆ ಇರ್ಲಿ.”

“ಯಾರದು ಸರ್?”

“ಯಾರದಾದ್ರೂ. ಬರೀ ಪೇಪರ್ ಅಲ್ವಾ?”

ಹಾಕಿದೆ. ಎಲ್ಲರಿಗೂ ನಾಲ್ಕು, ಐದು. ಕಡಿಮೆ ಯಾರಿಗೆ ಹಾಕುವುದೆಂದು ಬಹಳ ಹೊತ್ತು ಕೂತೆ. ಕೈಲಾಗದ ಮಕ್ಕಳಿಗೆ ಹಾಕಿದರೆ ಪಾಪ ಇನ್ನೂ ಕುಗ್ಗುತ್ತಾರೆ. ಕೊನೆಗೆ ಫಿರ್ದೌಸ್‌ಗೆ ಹಾಕಿದೆ. ನಿಮಗೆ ನೆನಪಿರಬೇಕು, ಹಳೇ ಪೇಟೆಯಲ್ಲಿ ಲೇತ್ ಅಂಗಡಿ ಇಟ್ಟಿರುವ ಇಮ್ರಾನ್ ಅವರ ಮಗಳು. ಅವಳಂಥ ಕೈ ಈ ಕಾಲೇಜಿನಲ್ಲಿ ಇನ್ನೊಂದಿಲ್ಲ. ಚೆಂದದ ಮಗುವಿಗೆ ಕೆನ್ನೆ ಮೇಲೆ ಕಪ್ಪು ಬೊಟ್ಟು ಇಡುವುದಿಲ್ಲವೇ, ಹಾಗೆ ದೃಷ್ಟಿಬೊಟ್ಟು ಎಂದುಕೊಂಡೇ ಇಟ್ಟೆ. ಇಪ್ಪತ್ತಕ್ಕೂ ಒಂದು. ಹದಿನಾಲ್ಕನೆಯದಕ್ಕೆ ಕೈ ತಪ್ಪಿ ನಾಲ್ಕಕ್ಕೆ ಗುರುತು ಬಿತ್ತು, ಅದನ್ನು ಹೊಡೆದು ಒಂದಕ್ಕೆ ಹಾಕಿದೆ. ಆಮೇಲೆ ಸರ್ ತಮ್ಮ ಫಾರಮ್ಮನ್ನೂ ಕೊಟ್ಟರು, ಪಾಪ ಅಂಜುವ ಜೀವ ಎಂದು ಎಲ್ಲದಕ್ಕೂ ಐದು ಹಾಕಿದೆ.

ರಾತ್ರಿಯೆಲ್ಲ ನಿದ್ದೆ ಇಲ್ಲ. ತಪ್ಪು ಮಾಡಿದೆನಾ ಮೇಷ್ಟ್ರೇ?

ನಿಮ್ಮ
ಬಸವಣ್ಣೆಮ್ಮ

•

ಹರಿಹರ
15 ಫೆಬ್ರವರಿ 2025

ತಂಗಿ ಬಸವಣ್ಣೆಮ್ಮನಿಗೆ,

ನಿನ್ನ ಕಾಗದ ಬಂತು. ನಾನು ಮೇಷ್ಟ್ರಾಗುವ ಮೊದಲು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಸುತ್ತಿಗೆ ಯಂತ್ರದ ಪಕ್ಕ ನಿಂತು ಕಿವಿ ಕಳೆದುಕೊಂಡವನು, ನೀನು ಏನೂ ಇಲ್ಲದೆ ನಿದ್ದೆ ಕಳೆದುಕೊಳ್ಳುತ್ತೀ. ಸುಗ್ರಾಬಿಗೆ ಓದಿ ಹೇಳಿದೆ. “ಆಕೀಗೆ ಚಿಂತೆ ಇಲ್ಲಾಂದ್ರೆ ಊಟ ಸೇರಲ್ಲ” ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದಳು.

ಕಾಗದದ ಮೇಲಿನ ಗುರುತಿಂದ ಯಾರ ಕೈಯೂ ಕೆಡುವುದಿಲ್ಲ. ಲೇತಿಗೆ ಓದಲು ಬರುವುದಿಲ್ಲ. ಆ ಹುಡುಗಿ ನಿನ್ನ ಬೊಟ್ಟನ್ನು ಒರೆಸಿಕೊಂಡು ಮುಂದೆ ಹೋಗುತ್ತಾಳೆ.

ನೀನು ಗೆರೆಯ ಈಚೆಗೇ ಇರುವುದು ಒಳ್ಳೆಯದು. ಅದರ ವಿಷಯ ಬರೆಯಬೇಡ.

ಚಾಂದ್ ಪಾಷಾ

•

ದಾವಣಗೆರೆ
23 ಫೆಬ್ರವರಿ 2025, ಭಾನುವಾರ

ಮೇಷ್ಟ್ರೇ,

ನೀವು ಬೈದರೂ ಸರಿ, ಇದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಮನಸ್ಸು ನಿಲ್ಲುವುದಿಲ್ಲ.

ನಾನು ಗುರುತು ಹಾಕಿದ್ದು ಶನಿವಾರ. ಸೋಮವಾರ ಎರಡನೇ ವರ್ಷದವರಿಗೆ ಲ್ಯಾಬ್ ಇತ್ತು. ಫಿರ್ದೌಸ್ ಯಾವಾಗಲೂ ಹಾಗೆ, ಅಳತೆ ಸಾಧನ ತೆಗೆಯುವುದಕ್ಕೆ ಮೊದಲೇ ಲೇತಿನ ಸದ್ದನ್ನು ಕಿವಿಗೊಟ್ಟು ಕೇಳಿ ಸಾಕು ಎಂದು ನಿಲ್ಲಿಸುತ್ತಾಳೆ, ಅಳೆದರೆ ಕೂದಲೆಳೆ ವ್ಯತ್ಯಾಸ ಇರುವುದಿಲ್ಲ. ಆ ದಿನ ಕಡೆದ ಕಬ್ಬಿಣದ ತುಂಡು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ ಬಂತು. ನಕ್ಕಳು. ಎರಡನೆಯದು ಹಾಕಿದಳು, ಅದೂ ಹಾಗೇ. ಮೂರನೆಯದಕ್ಕೆ ನಗಲಿಲ್ಲ.

ಪೊರಕೆ ಹಿಡಿದು ಹತ್ತಿರ ಹೋದೆ, ಗೆರೆಯ ಈಚೆಗೆ ನಿಂತು “ಯಾಕವ್ವಾ?” ಅಂದೆ.

“ಗೊತ್ತಿಲ್ಲ ಬಸಕ್ಕ. ಕೈ ನಂದಲ್ಲ ಅನ್ನಿಸ್ತೈತೆ.”

ಆ ಹೊತ್ತಿಗೆ ಫಾರಮ್ಮನ್ನು ಯಾರೂ ನೋಡಿರಲಿಲ್ಲ. ಕಟ್ಟು ನನ್ನ ಬೀರುವಿನಲ್ಲೇ ಇತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು. ಇದನ್ನು ನೀವು ನೆನಪಿಡಬೇಕು. ಕಮಿಟಿ ಬಂದು ಹೋದ ಮೇಲೆ, ಬುಧವಾರ ಹತ್ತೊಂಬತ್ತನೇ ತಾರೀಖು, ಕಡಿಮೆ ಇರುವವರಿಗೆ ವಿಶೇಷ ತರಗತಿ ಎಂದು ನೋಟಿಸ್ ಬೋರ್ಡಿಗೆ ಚೀಟಿ ಹಚ್ಚಿದರು. ಚೀಟಿಯಲ್ಲಿ ಇದ್ದದ್ದು ಒಂದೇ ಹೆಸರು. ಅವಳು ಅದರ ಮುಂದೆ ನಿಂತಿದ್ದಳು. ಹುಡುಗರು “ಏನವ್ವಾ ಲೇತ್ ಅಂಗಡಿ, ಟ್ಯೂಷನ್ನಾ?” ಎಂದು ಕಿಚಾಯಿಸಿದರು. ಮೊದಲಾಗಿದ್ದರೆ ಇಡೀ ಕಾರಿಡಾರಿಗೆ ಕೇಳುವಂತೆ ಉತ್ತರ ಕೊಡುತ್ತಿದ್ದಳು. ಈಗ ಹೌದೆಂಬಂತೆ ತಲೆ ಆಡಿಸಿದಳು.

ಇನ್ನೊಂದು ವಿಷಯ. ಅಂಜನ್ ಸರ್ ಕೈ ಒರೆಸಿಕೊಳ್ಳುವುದನ್ನು ಬಿಟ್ಟಿದ್ದಾರೆ. ಅದೇ ಸೋಮವಾರದಿಂದ. ಸಿಳ್ಳೆ ಹಾಕುತ್ತಾ ಯಂತ್ರದ ಮಧ್ಯೆ ಓಡಾಡುತ್ತಾರೆ. ಆ ಸಿಳ್ಳೆ ಕೇಳಿದರೆ ನನಗೆ ಬೆನ್ನು ಜುಂ ಎನ್ನುತ್ತದೆ.

ಬಸವಣ್ಣೆಮ್ಮ

•

ದಾವಣಗೆರೆ
16 ಮಾರ್ಚ್ 2025, ಭಾನುವಾರ

ಮೇಷ್ಟ್ರೇ,

ನಿಮ್ಮಿಂದ ಉತ್ತರವಿಲ್ಲ. ಅಂಚೆಯಲ್ಲಿ ಕಳೆದಿರಬಹುದು, ಅಥವಾ ನೀವು ಹುಷಾರಿಲ್ಲದೆ ಮಲಗಿರಬಹುದು, ಏನೇನೋ ಯೋಚನೆ ಬರುತ್ತದೆ. ಒಂದು ಸಾಲಾದರೂ ಬರೆಯಿರಿ.

ಮೊನ್ನೆ ಶುಕ್ರವಾರ ಅಂಜನ್ ಸರ್ ನಾಲ್ಕನೇ ಲೇತಿನ ಹತ್ತಿರ ಮಕ್ಕಳಿಗೆ ತೋರಿಸುತ್ತಿದ್ದರು. ತುಂಡನ್ನು ಕಚ್ಚಿ ಹಿಡಿಯುವ ಚಕ್ ಬಿಗಿ ಮಾಡಿದರು, ಬಿಗಿ ಮಾಡಿದ ಕೀಲಿಯನ್ನು ಅದರಲ್ಲೇ ಬಿಟ್ಟು ಹಸಿರು ಗುಂಡಿ ಒತ್ತಿದರು. ಕೀಲಿ ತೆಗೆಯದೆ ಗುಂಡಿಗೆ ಕೈ ಇಟ್ಟವನನ್ನು ನೀವು ಎರಡು ವಾರ ಹೊರಗೆ ನಿಲ್ಲಿಸುತ್ತಿದ್ದಿರಿ. ಕೀಲಿ ಹಾರಿ ಮಾರಪ್ಪನವರ ಫೋಟೋ ಇರುವ ಗೋಡೆಯ ಪಕ್ಕದ ಕಿಟಕಿ ಒಡೆದು ಹೊರಗೆ ಬಿತ್ತು. ನಮ್ಮ ಯಜಮಾನರು ಹನ್ನೆರಡು ವರ್ಷದಿಂದ ಆ ಫೋಟೋದಲ್ಲಿ ಇದ್ದಾರೆ, ಗಾಜಿನ ಚೂರು ಅವರ ಹಾರಕ್ಕೆ ಸಿಕ್ಕಿ ತೂಗುತ್ತಿತ್ತು. ಕೀಲಿ ಹಾರಿದ ದಾರಿಯಲ್ಲಿ ಒಂದು ನಿಮಿಷ ಮೊದಲು ಫಿರ್ದೌಸ್ ನಿಂತಿದ್ದಳು. ಕೈ ತೊಳೆಯಲು ಹೋಗಿದ್ದಳು, ಅಷ್ಟೇ.

ಮಕ್ಕಳೆಲ್ಲ ಹಿಂದಕ್ಕೆ ಸರಿದರು. ಸರ್ ಮಾತ್ರ “ಏನೂ ಆಗಿಲ್ಲ, ನೋಡ್ರಿ, ಏನೂ ಆಗಿಲ್ಲ” ಎಂದು ಮತ್ತೆ ಗುಂಡಿ ಒತ್ತಿದರು. ಅವರ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಒಬ್ಬ ಮನುಷ್ಯನ ಮುಖದಲ್ಲಿ ಹೆದರಿಕೆ ಇಲ್ಲದಿರುವುದನ್ನು ನೋಡಿ ನಾನು ಇಷ್ಟು ಹೆದರಿದ್ದು ಇದೇ ಮೊದಲು.

ಫಿರ್ದೌಸ್ ಬ್ರಾಂಚ್ ಬಿಡುತ್ತೇನೆ ಎನ್ನುತ್ತಿದ್ದಾಳೆ. ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾಳೆ. ಹೆಣ್ಣುಮಗಳಿಗೆ ಮೆಕ್ಯಾನಿಕಲ್ ಯಾಕೆ ಎಂದ ನೆಂಟರ ಬಾಯಿ ಮುಚ್ಚಿಸಿ ಅವಳಪ್ಪ ಸೇರಿಸಿದ್ದು. ಜೂನ್ ಹತ್ತಕ್ಕೆ ಪ್ರಾಕ್ಟಿಕಲ್ ಪರೀಕ್ಷೆ. ಅಷ್ಟರೊಳಗೆ ಆ ಕೈ ಅವಳಿಗೆ ವಾಪಸ್ ಬರಬೇಕು ಮೇಷ್ಟ್ರೇ. ತೆಗೆದುಕೊಂಡವಳು ನಾನು, ಕೊಡುವುದು ಹೇಗೆಂದು ಗೊತ್ತಿಲ್ಲ.

ಬಸವಣ್ಣೆಮ್ಮ

•

ಹರಿಹರ
24 ಮಾರ್ಚ್ 2025

ತಂಗಿ,

ಮಲಗಿರಲಿಲ್ಲ. ಬರೆಯಲು ಆಗಲಿಲ್ಲ, ಕಾರಣ ಕೇಳಬೇಡ.

ಒಂದು ಕೆಲಸ ಮಾಡು. ಆ ಅಂಜನ್ ಹುಡುಗನಿಗೆ ಹೇಳಿ, ಇನ್ನೊಂದು ಸಲ ಮಕ್ಕಳ ಕೈಯಲ್ಲೇ ಫಾರಂ ತುಂಬಿಸು. ಹಳೆಯದರ ಜೆರಾಕ್ಸ್ ನಿನ್ನ ಬೀರುವಿನಲ್ಲಿ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡು. ಬೇರೆ ಬೇರೆ ಇರುತ್ತವೆ. ಆಗ ನಿನ್ನ ದೆವ್ವ ಬಿಟ್ಟು ಹೋಗುತ್ತದೆ.

ಚಾಂದ್ ಪಾಷಾ

•

ದಾವಣಗೆರೆ
28 ಏಪ್ರಿಲ್ 2025

ಮೇಷ್ಟ್ರೇ,

ನೀವು ಹೇಳಿದಂತೆ ಮಾಡಿದೆ. ಮಾಡಬಾರದಿತ್ತು.

ಸೆಮಿಸ್ಟರ್ ಮುಗಿಯುವಾಗ ಹೇಗೂ ಇನ್ನೊಂದು ಸುತ್ತು ಬೇಕಂತೆ. ಕಟ್ಟು ಮತ್ತೆ ನನ್ನ ಮುಂದೆ ಬಂತು. “ನನ್ನಿಂದ ಆಗಲ್ಲ ಸರ್, ಮಕ್ಕಳೇ ಬರೀಲಿ” ಅಂದೆ. ಸರ್ ನಕ್ಕು, ಹಾಗೇ ಆಗಲಿ ಅಂದರು. ಮಕ್ಕಳು ಇಲ್ಲೇ ಬೆಂಚಿನ ಮೇಲೆ ಕೂತು ತುಂಬಿದರು. ಹಳೆಯದನ್ನು ಅವರು ಯಾರೂ ನೋಡಿಲ್ಲ, ಬೋರ್ಡಿಗೆ ಹಚ್ಚಿದ್ದು ಬರೀ ಹೆಸರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಫಿರ್ದೌಸಳ ಎರಡು ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ಒಡೆಯದೆ ಉಳಿದ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬಿಸಿಲು ಹಿಂದಿನಿಂದ ಬರುತ್ತಿತ್ತು. ಇಪ್ಪತ್ತು ಗುರುತು. ಕೆಳಗಿನ ಹಾಳೆಯ ಗುರುತು ಮೇಲಿನದರಲ್ಲಿ ಮುಚ್ಚಿಹೋಗಿತ್ತು, ಒಂದೇ ಹಾಳೆ ಇದ್ದ ಹಾಗೆ.

ಎಲ್ಲದಕ್ಕೂ ಒಂದು ಹಾಕಿದರೆ ಯಾರು ಹಾಕಿದರೂ ಹಾಗೇ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹದಿನಾಲ್ಕನೆಯದನ್ನು ನೋಡಿದೆ. ಅವಳು ನಾಲ್ಕಕ್ಕೆ ಗುರುತು ಹಾಕಿ, ಅದನ್ನು ಹೊಡೆದು, ಒಂದಕ್ಕೆ ಹಾಕಿದ್ದಾಳೆ.

ಹಾಳೆ ನನ್ನ ಕೈಯಿಂದ ಜಾರಿ ಹಳದಿ ಗೆರೆಯ ಆಚೆಗೆ ಬಿತ್ತು. ಎತ್ತಿಕೊಳ್ಳಲು ಹೋಗಲಾಗಲಿಲ್ಲ. ಮಕ್ಕಳು ಬರುವವರೆಗೆ ಅಲ್ಲೇ ನಿಂತು ಅದನ್ನೇ ನೋಡುತ್ತಿದ್ದೆ.

ಬಸವಣ್ಣೆಮ್ಮ

•

ಹರಿಹರ
3 ಮೇ 2025

ತಂಗಿ,

ಓದಿದೆ. ನಾಲ್ಕು ಸಲ ಓದಿದೆ. ಈ ಸಲ ಸುಗ್ರಾಬಿಗೆ ಓದಿ ಹೇಳಲಿಲ್ಲ.

ಕಾಗದದ ಜೊತೆ ಕಾಗದ ಇಟ್ಟು ಜಗಳ ಆಡುವುದು ಸಾಕು. ಈ ಪೊಟ್ಟಣದಲ್ಲಿ ನಮ್ಮ ಹೊಲಿಗೆ ಯಂತ್ರದ ಕೆಳಗಿನ ಚಕ್ರದ ಅಚ್ಚು ಇದೆ. ಸವೆದು ಹೋಗಿದೆ. ಹರಿಹರದಲ್ಲಿ ಇದನ್ನು ಮಾಡುವ ಕೈ ಈಗ ಉಳಿದಿಲ್ಲ, ಯಂತ್ರವೂ ಹಳೆಯದು, ಅಂಗಡಿಯಲ್ಲಿ ಸಿಗುವುದಿಲ್ಲ. ಸುಗ್ರಾಬಿ ಎರಡು ತಿಂಗಳಿಂದ ಸುಮ್ಮನೆ ಕೂತಿದ್ದಾಳೆ.

ಇದನ್ನು ಫಿರ್ದೌಸ್‌ಗೆ ಕೊಡು. ಒಂದು ಮಾತು ಮಾತ್ರ. “ನಿನ್ನಿಂದ ಆಗುತ್ತದಾ?” ಎಂದು ಕೇಳಬೇಡ. ಆ ಪ್ರಶ್ನೆ ಕೇಳಿದ ಕೂಡಲೇ ಮನುಷ್ಯ ತನ್ನೊಳಗೆ ಇಳಿದು ಹುಡುಕುತ್ತಾನೆ, ಅಲ್ಲಿ ಯಾರು ಏನು ಇಟ್ಟಿದ್ದಾರೋ ಅದೇ ಕೈಗೆ ಸಿಗುತ್ತದೆ. “ಯಾವಾಗ ಕೊಡ್ತೀ?” ಎಂದು ಕೇಳು. ಅಷ್ಟೇ.

ಮತ್ತೆ, ನೀನು ಮಾಡಿದ್ದನ್ನು ಅವಳಿಗೆ ಹೇಳು. ಹೇಳದೆ ಇಟ್ಟುಕೊಂಡರೆ ಏನಾಗುತ್ತದೆ ಎಂದು ನನಗೆ ಗೊತ್ತು.

ಚಾಂದ್ ಪಾಷಾ

•

ದಾವಣಗೆರೆ
26 ಮೇ 2025, ಸೋಮವಾರ

ಮೇಷ್ಟ್ರೇ,

ಅಚ್ಚು ಈ ಕಾಗದದ ಜೊತೆ ಬರುತ್ತಿದೆ. ಹೇಗೆ ಬಂತು ಎಂದು ಹೇಳುತ್ತೇನೆ.

ಮೊದಲು ತಪ್ಪು ಒಪ್ಪಿಕೊಂಡೆ. ಕ್ಯಾಂಟೀನಿನ ಹಿಂದೆ, ಇಬ್ಬರೂ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ. ಹೊಡೆಯುತ್ತಾಳೋ ಅಳುತ್ತಾಳೋ ಎಂದು ಅಂಜಿದ್ದೆ. ಅವಳು ಮಂಡಕ್ಕಿ ಕೆಳಗಿಟ್ಟು ತಲೆ ಅಲ್ಲಾಡಿಸಿದಳು.

“ಇಲ್ಲ ಬಸಕ್ಕ, ಫೆಬ್ರವರಿದು ನಾನೇ ಬರ್ದಿದ್ದು.”

“ನೀನು ಆ ದಿನ ಕಾಲೇಜಿಗೇ ಬಂದಿರ್ಲಿಲ್ಲ ಕಣವ್ವ.”

“ನಂಗೆ ನೆನಪೈತೆ. ನೀಲಿ ಪೆನ್ನು. ಒಂದ್ಕಡೆ ತಪ್ಪಿ ನಾಲ್ಕು ಹಾಕಿ ಹೊಡ್ದೆ.”

ನನ್ನ ಪೆನ್ನು ನೀಲಿಯೇ. ಆದರೆ ಬೀರುವಿನಲ್ಲಿ ಉಳಿದಿರುವ ಜೆರಾಕ್ಸು ಕಪ್ಪು ಮೇಷ್ಟ್ರೇ. ನೀಲಿ ಎಂದು ಅವಳಿಗೆ ಹೇಗೆ ಗೊತ್ತು?

ನಾನು ಬೀಗದ ಕೈ ಮುಟ್ಟಿ ಆಣೆ ಮಾಡಿದೆ. ಆಗ ಅವಳ ಕಣ್ಣು ಮೆಲ್ಲಗೆ ಬದಲಾಯಿತು, ನಿದ್ದೆಯಿಂದ ಎದ್ದವರು ಇದು ಯಾರ ಮನೆ ಎಂದು ನೋಡುತ್ತಾರಲ್ಲ, ಹಾಗೆ. “ಹಂಗಾದ್ರೆ ನಾನು ಬರೆದೇ ಇಲ್ವಾ?” ಎಂದಳು. ಎರಡು ಸಲ ಕೇಳಿದಳು. ಆಮೇಲೆ ನನ್ನನ್ನು ಬೈದಳು. ಚೆನ್ನಾಗಿ ಬೈದಳು, ಕನ್ನಡದಲ್ಲಿ ಅರ್ಧ, ಉರ್ದುವಿನಲ್ಲಿ ಅರ್ಧ. ಕ್ಯಾಂಟೀನಿನ ಚೌಡೇಶ್ ಇಣುಕಿ ನೋಡಿ ಒಳಗೆ ಹೋದ. ನನಗೆ ಅದನ್ನು ಕೇಳಿ ಹಗುರವಾಯಿತು, ಹಳೇ ಫಿರ್ದೌಸಳ ದನಿ ಅದು.

ಬೈದು ಮುಗಿದ ಮೇಲೆ ಅಚ್ಚು ತೆಗೆದು ಮುಂದಿಟ್ಟೆ. “ಪಾಷಾ ಮೇಷ್ಟ್ರದು. ಯಾವಾಗ ಕೊಡ್ತೀ?”

ತಿರುಗಿಸಿ ನೋಡಿದಳು, ಉಗುರಿನಿಂದ ಸವೆದ ಜಾಗ ಕೆರೆದಳು. “ಗುರುವಾರ” ಅಂದಳು.

ಗುರುವಾರ ಆಗಲಿಲ್ಲ. ಮೊದಲನೆಯದು ಓರೆ. ಎರಡನೆಯದು ಸಣ್ಣ. “ಮುಂದಿನ ಗುರುವಾರ” ಅಂದಳು. ಮೂರನೆಯದನ್ನು ಮಾಡುವಾಗ ಮಧ್ಯದಲ್ಲಿ ಯಂತ್ರ ನಿಲ್ಲಿಸಿ, ತಲೆ ಓರೆ ಮಾಡಿ, ಏನನ್ನೋ ಕೇಳಿಸಿಕೊಂಡಳು. ಯಂತ್ರವೇ ನಿಂತಿತ್ತು, ಕೇಳಲು ಏನಿತ್ತೋ. ಮತ್ತೆ ಚಾಲೂ ಮಾಡಿ ಉಳಿಯನ್ನು ಒಂದೇ ಎಳೆತ ಎಳೆದು ಸಾಕು ಎಂದಳು. ಅಳೆಯಲಿಲ್ಲ. ನೀವೇ ಅಳೆಯಿರಿ.

ಅಂಜನ್ ಸರ್‌ಗೂ ಹೇಳಿದೆ. “ನಂದೂ ನೀವೇ ತುಂಬಿದ್ರಲ್ಲ ಬಸಕ್ಕ, ಏನ್ ಹಾಕಿದ್ರಿ?” ಅಂದರು. ಎಲ್ಲ ಐದು ಅಂದೆ. ರಟ್ಟು ಮುಚ್ಚಿದ ಕಿಟಕಿಯನ್ನು ನೋಡುತ್ತಾ ನಿಂತರು, ಆಮೇಲೆ ಎಷ್ಟೋ ತಿಂಗಳ ಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಮರುದಿನ ನೋಟಿಸ್ ಬೋರ್ಡಿನ ಚೀಟಿ ಇರಲಿಲ್ಲ. ಈಗ ಫಿರ್ದೌಸ್ ಪಕ್ಕದಲ್ಲಿ ನಿಂತು ಚಕ್ ಬಿಗಿ ಮಾಡುವುದನ್ನು ಮೊದಲಿಂದ ಕಲಿಯುತ್ತಿದ್ದಾರೆ. “ಸರ್, ಕೀಲಿ” ಎಂದು ಅವಳು ಪ್ರತಿ ಸಲ ಅನ್ನುತ್ತಾಳೆ. ಪ್ರತಿ ಸಲ ಅವರು ಕೈ ಎತ್ತಿ ಕೀಲಿ ತೋರಿಸುತ್ತಾರೆ.

ಬಸವಣ್ಣೆಮ್ಮ

•

ಹರಿಹರ
4 ಜೂನ್ 2025

ತಂಗಿ ಬಸವಣ್ಣೆಮ್ಮ,

ಅಚ್ಚು ಕೂತಿದೆ. ಸುಗ್ರಾಬಿ ಹೊಲಿಯುತ್ತಿದ್ದಾಳೆ. ನನಗೆ ಸದ್ದು ಕೇಳುವುದಿಲ್ಲ, ಆದರೆ ಮೇಜಿನ ಮೇಲೆ ಅಂಗೈ ಇಟ್ಟರೆ ಅದರ ಓಟ ತಿಳಿಯುತ್ತದೆ. ಎಲ್ಲೂ ಎಡವುತ್ತಿಲ್ಲ. ಆ ಹುಡುಗಿಗೆ ಹೇಳು, ಪರೀಕ್ಷೆಯಲ್ಲಿ ಮೇಷ್ಟ್ರುಗಳು ಏನೇ ಅಂಕ ಕೊಡಲಿ, ನನ್ನ ಪರೀಕ್ಷೆ ಮುಗಿದಿದೆ.

ಈಗ ನನ್ನದು.

ಮಾರ್ಚ್‌ನಲ್ಲಿ ನಾನು ಯಾಕೆ ಬರೆಯಲಿಲ್ಲ ಎಂದರೆ, ನಿನ್ನ ಕಾಗದ ಓದಿ ನಾನೇ ಹಿಂದೆ ಮಾಡಿದ್ದೊಂದು ನೆನಪಾಗಿತ್ತು. ಹನ್ನೆರಡು ವರ್ಷದ ಹಿಂದೆ ಮಾರಪ್ಪ ಆಕ್ಸಿಡೆಂಟಿನಲ್ಲಿ ಹೋಗಿ, ಅವನ ಜಾಗಕ್ಕೆ ನೀನು ಬಂದೆಯಲ್ಲ. ಹೊಸದಾಗಿ ಬಂದವರ ಬಗ್ಗೆ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯುವ ಪದ್ಧತಿ ಇತ್ತು. ನಾನು ಬರೆದೆ: ಯಂತ್ರದ ಕೆಲಸ ಇವರಿಂದ ಆಗುವುದಿಲ್ಲ, ಗೆರೆ ದಾಟುವುದಿಲ್ಲ.

ನೀನು ಆಗ ಯಾವ ಕೆಲಸವನ್ನೂ ಮಾಡಿ ತೋರಿಸಿರಲಿಲ್ಲ. ಮೊದಲನೇ ದಿನ ನೇರವಾಗಿ ಗೆರೆ ದಾಟಿ ಒಳಗೆ ಬಂದು ಮೂರನೇ ಲೇತಿನ ತಲೆಯ ಮೇಲೆ ಅಂಗೈ ಇಟ್ಟು ನಿಂತಿದ್ದೆ, ಹಸುವಿನ ಹಣೆ ಮುಟ್ಟುವ ಹಾಗೆ. ನಾನು ಸೆರಗು ನೋಡಿದೆ, ತಿರುಗುವ ಚಕ್ ನೋಡಿದೆ, ಹೊಸದಾಗಿ ಗಂಡನನ್ನು ಕಳೆದುಕೊಂಡವಳು, ಇವಳಿಗೂ ಏನಾದರೂ ಆದರೆ ಎಂದು ಎದೆ ಹೊಡೆದುಕೊಂಡಿತು. ಹೆದರಿಕೆ ನನ್ನದು. ಬರೆದದ್ದು ನಿನ್ನ ಹೆಸರಿನಲ್ಲಿ.

ಮರುದಿನದಿಂದ ನೀನು ಗೆರೆಯ ಹತ್ತಿರ ನಿಂತುಬಿಡುತ್ತಿದ್ದೆ. ನಾನು ನಿನಗೆ ಏನೂ ಹೇಳಿರಲಿಲ್ಲ. ಆ ರಿಜಿಸ್ಟರನ್ನು ನೀನು ನೋಡಿರಲಿಲ್ಲ. ಇಷ್ಟು ವರ್ಷ ಅದನ್ನು ನಿನ್ನ ಬುದ್ಧಿವಂತಿಕೆ ಎಂದು ಹೊಗಳಿದೆ.

ಕ್ಷಮಿಸು ಎಂದು ಕೇಳುವ ಧೈರ್ಯ ಇಲ್ಲ.

ಚಾಂದ್ ಪಾಷಾ

•

ದಾವಣಗೆರೆ
16 ಜೂನ್ 2025, ಸೋಮವಾರ

ಮೇಷ್ಟ್ರೇ,

ಲಕೋಟೆ ಹುಷಾರಾಗಿ ಬಿಚ್ಚಿ. ಒಳಗೆ ಲೇತಿನಲ್ಲಿ ಕಡೆದ ಕಬ್ಬಿಣದ ಒಂದು ಸುರುಳಿ ಇದೆ, ಬೆರಳು ಕೊಯ್ದೀತು.

ಹತ್ತನೇ ತಾರೀಖು ಪರೀಕ್ಷೆ ಆಯಿತು. ಹೊರಗಿನಿಂದ ಬಂದ ಮೇಷ್ಟ್ರು ಫಿರ್ದೌಸಳ ತುಂಡನ್ನು ಮೂರು ಸಲ ಅಳೆದು, ಅವಳನ್ನೊಮ್ಮೆ ನೋಡಿ, ಅಂಕ ಬರೆದುಕೊಂಡರು. ಬ್ಯಾಗಿನಲ್ಲಿದ್ದ ಅರ್ಜಿಯನ್ನು ಅವಳು ಲೇತಿನ ಎಣ್ಣೆ ಒರೆಸಲು ಬಳಸಿದಳು.

ನಿಮ್ಮ ಕಾಗದ ಅದೇ ದಿನ ಬಂದದ್ದು. ಗೆರೆಯ ಈಚೆಗೆ ಸ್ಟೂಲಿನ ಮೇಲೆ ಕೂತು ಓದಿದೆ. ನಿಮ್ಮ ಮೇಲೆ ಸಿಟ್ಟು ಬಂತು, ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಹನ್ನೆರಡು ವರ್ಷ ನಾನು ಅಂಜುಬುರುಕಿ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ನಾನು ಆ ಮಗುವಿಗೆ ಮಾಡಿದ್ದು ನೆನಪಾಯಿತು, ಸಿಟ್ಟು ಅರ್ಧಕ್ಕೆ ನಿಂತಿತು.

ಫಿರ್ದೌಸ್ ಕಾಗದ ಇಸಿದುಕೊಂಡು ಓದಿದಳು. ಅಯ್ಯೋ ಪಾಪ ಎನ್ನಲಿಲ್ಲ, ಮಡಚಿ ವಾಪಸ್ ಕೊಟ್ಟಳು.

“ಯಾವಾಗ ಬಸಕ್ಕ?”

“ಏನು ಯಾವಾಗ?”

“ಯಾವಾಗ ಅಂತ ಕೇಳ್ದೆ. ಆಗ್ತೈತಾ ಅಂತ ಕೇಳ್ಲಿಲ್ಲ.”

“ಈ ವಯಸ್ಸಿಗೆ ಬ್ಯಾಡ ಕಣವ್ವ.”

“ಯಾವಾಗ?”

“ಸೋಮವಾರ” ಅಂದೆ, ಬಾಯಿ ಮುಚ್ಚಿಸಲು.

ಇವತ್ತು ಸೋಮವಾರ. ಬೆಳಗ್ಗೆ ಎಂಟಕ್ಕೇ ಬಂದು ನಿಂತಿದ್ದಳು. ನನ್ನ ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿದಳು. ಗೆರೆಯ ಹತ್ತಿರ ಪಾದ ತಣ್ಣಗಾದವು, ಎಂದಿನ ಹಾಗೇ. ತಣ್ಣಗಿದ್ದರೂ ಎತ್ತಿ ಆಚೆ ಇಟ್ಟೆ. ಅಷ್ಟೇ ಮಾಡಿದ್ದು.

ಸುರುಳಿ ಯಾರು ಕತ್ತರಿಸಿದ್ದು ಎಂದು ಇನ್ನು ನಿಮಗೆ ಹೇಳಬೇಕಾಗಿಲ್ಲ. ನೀವು ಸುಗ್ರಾಬಿ ಅಕ್ಕನನ್ನು ಕರೆದುಕೊಂಡು ಒಂದು ದಿನ ಬನ್ನಿ. ರಿಜಿಸ್ಟರು ಹುಡುಕಿಸಿ ಇಟ್ಟಿದ್ದೇನೆ. ನಿಮ್ಮ ಸಾಲನ್ನು ಹೊಡೆದುಹಾಕಿಲ್ಲ. ಅದನ್ನು ನೀವೇ ಮಾಡಬೇಕು.

ಒಂದು ಮಾತು ಫಿರ್ದೌಸ್‌ಗೂ ಹೇಳಿಲ್ಲ, ನಿಮಗೆ ಬರೆಯುತ್ತಿದ್ದೇನೆ. ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನ ಮೇನ್ ಸ್ವಿಚ್ ಆರಿಸಿ ಬೀಗ ಹಾಕಿದ್ದು ನಾನು. ಇವತ್ತು ಬೀಗ ತೆರೆದದ್ದೂ ನಾನು. ಸ್ವಿಚ್ ಹಾಕುವ ಮೊದಲೇ ಗೆರೆ ದಾಟಿ, ಮೊದಲ ದಿನದ ಹಾಗೆ, ಮೂರನೇ ಲೇತಿನ ತಲೆಯ ಮೇಲೆ ಅಂಗೈ ಇಟ್ಟೆ. ಎರಡು ದಿನ ನಿಂತ ಕಬ್ಬಿಣ, ಮಳೆಗಾಲದ ಬೆಳಗು, ತಣ್ಣಗಿರಬೇಕಿತ್ತು.

ಒಂದು ಅಂಗೈಯಷ್ಟು ಜಾಗ ಬೆಚ್ಚಗಿತ್ತು ಮೇಷ್ಟ್ರೇ. ಈಗಷ್ಟೇ ಯಾರೋ ಕೈ ತೆಗೆದ ಹಾಗೆ. ನನ್ನ ಐದೂ ಬೆರಳು ಅದರೊಳಗೆ ಸರಿಯಾಗಿ ಕೂತವು.

ಬಸವಣ್ಣೆಮ್ಮ